ಹೋಳಿಗೆಯ ಮೇಲೆ ಕಾಫಿ ಧಾರಣೆ

ಮಾನ್ಯ ಸಂಪಾದಕರೇ,

ಕಳೆದ ಶನಿವಾರ ನಿಮ್ಮ ಪತ್ರಿಕೆಯನ್ನು ಎರಡು ಸಲ ಓದಿದೆ. ಬೆಳಿಗ್ಗೆ ಕಾಫಿಯ ಜೊತೆಗೆ, ಸಂಜೆ ಹೋಳಿಗೆಯ ಮೇಲೆ. ಸಂಜೆಯದ್ದು ಹಳೆಯ ಸಂಚಿಕೆ.

ನಾವು ನಾಲ್ವರು ಗೆಳತಿಯರು, ಎಲ್ಲರೂ ಅರವತ್ತು ದಾಟಿದವರು. ಪ್ರತಿ ಶನಿವಾರ ಚಿಕ್ಕಮಗಳೂರಿನ ಆಜಾದ್ ಪಾರ್ಕ್ ಬಳಿ ಸೇರುತ್ತೇವೆ. ಒಂದು ವಾರ ಹೋಟೆಲಿನ ಮಸಾಲೆ ದೋಸೆ, ಮರುವಾರ ಬೀದಿ ಬದಿಯ ಸಿಹಿ, ಅದರ ಮರುವಾರ ಯಾರಾದರೊಬ್ಬರ ಮನೆಯ ತಿಂಡಿ. ನಮ್ಮಲ್ಲಿ ಸಕ್ಕರೆ ಕಾಯಿಲೆಯಿರುವ ಇಬ್ಬರು ಅರ್ಧ ಸಾಕು ಎನ್ನುತ್ತಾರೆ, ಎನ್ನುವುದಷ್ಟೇ.

ಮೊನ್ನೆ ಬೀದಿಯ ಸರದಿ. ಕಾವಲಿಯಿಂದ ಆಗಷ್ಟೇ ಇಳಿದ ಬೇಳೆ ಹೋಳಿಗೆ, ಮೇಲೊಂದು ಚಮಚ ತುಪ್ಪ. ತುಂಡು ಪತ್ರಿಕೆಯಲ್ಲಿ ಮಡಿಸಿ ಕೊಟ್ಟರು. ಬಿಡಿಸಿ ನೋಡಿದರೆ ಹಳದಿ ಹೋಳಿಗೆಯ ಮೇಲೆ ಕಪ್ಪು ಅಕ್ಷರಗಳು ತಲೆಕೆಳಗಾಗಿ, ಎಡಬಲ ತಿರುವಿಕೊಂಡು ಕುಳಿತಿವೆ. ತೋಟವಿರುವ ಗೆಳತಿ ಕೈಚೀಲದಿಂದ ಪುಟ್ಟ ಕನ್ನಡಿ ತೆಗೆದು ಹಿಡಿದಳು. ‘ಅರೇಬಿಕಾ ಪಾರ್ಚ್‌ಮೆಂಟ್’ ಎಂಬ ಕಾಫಿಯ ಹೆಸರು ಸ್ಪಷ್ಟವಾಗಿ ಓದಲು ಬಂತು. ಅಂಕಿ ಮಾತ್ರ ತುಪ್ಪದಲ್ಲಿ ಕಲಸಿಹೋಗಿತ್ತು. ‘ಧಾರಣೆಯನ್ನೇ ನುಂಗಿಬಿಟ್ಟಿತಲ್ಲ ಮಾರಾಯ್ತಿ’ ಎಂದಳು. ನಕ್ಕೆವು. ತಿಂದೆವು ಕೂಡ, ಅದನ್ನೇಕೆ ಮುಚ್ಚಿಡಲಿ.

ನಗು ಇಳಿದ ಮೇಲೆ ಹೊಟ್ಟೆಯಲ್ಲಿ ಕಸಿವಿಸಿ. ಮುದ್ರಣದ ಶಾಯಿಯಲ್ಲಿ ಸೀಸದಂಥ ಭಾರಲೋಹಗಳಿರಬಹುದು, ಅವು ಆಹಾರಕ್ಕೆ ಇಳಿಯುತ್ತವೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಎಚ್ಚರಿಸಿತ್ತು. 2018ರ ಪ್ಯಾಕೇಜಿಂಗ್ ನಿಯಮಗಳಲ್ಲೇ ಪತ್ರಿಕೆಯಲ್ಲಿ ತಿಂಡಿ ಕಟ್ಟುವುದಕ್ಕೆ ನಿಷೇಧವಿದೆ. ನಮ್ಮ ಸರ್ಕಾರ 2024ರಲ್ಲಿ ಗೋಬಿ ಮಂಚೂರಿಯ ಕೃತಕ ಬಣ್ಣ ಬಿಡಿಸಿತು, ಮರುವರ್ಷ ಇಡ್ಲಿ ತಟ್ಟೆಯ ಪ್ಲಾಸ್ಟಿಕ್ ಹಾಳೆಯ ಮೇಲೆ ಕಣ್ಣಿಟ್ಟಿತು. ಪತ್ರಿಕೆಯ ತುಂಡು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಬಹುಶಃ ಅದು ನಮಗೆಲ್ಲ ತೀರಾ ಪರಿಚಿತ.

ಹೋಳಿಗೆಯವರನ್ನು ದೂರಲು ನನಗೆ ಮನಸ್ಸಿಲ್ಲ. ಕೇಳಿದ್ದಕ್ಕೆ, ‘ಅಮ್ಮ, ಜಿಡ್ಡು ಹೀರಲಿ ಎಂದು ಗಿರಾಕಿಗಳೇ ಪೇಪರ್ ಕೇಳುತ್ತಾರೆ’ ಎಂದರು. ಸುಳ್ಳಲ್ಲ, ನಾನೇ ಎಷ್ಟೋ ಸಲ ಬೋಂಡವನ್ನು ಪತ್ರಿಕೆಯಲ್ಲಿ ಒತ್ತಿ ತಿಂದಿದ್ದೇನೆ. ತಿಂಗಳಿಗೊಮ್ಮೆ ನಮ್ಮ ಮನೆಯ ಹಳೆಯ ಪತ್ರಿಕೆಗಳನ್ನು ಕಟ್ಟಿ ರದ್ದಿಗೆ ತೂಗಿ ಹಾಕುವವಳೂ ನಾನೇ. ಆ ಅರೇಬಿಕಾ ನಮ್ಮ ಮನೆಯಿಂದಲೇ ಹೊರಟದ್ದೋ ಏನೋ.

ಎಲೆಗೆ ಬರವಿರುವ ಊರಲ್ಲ ನಮ್ಮದು. ಅರಿಶಿನದ ಎಲೆಯಲ್ಲಿ ಮಡಿಸಿ ಬೇಯಿಸಿದ ಕಡುಬಿಗೆ ಎಲೆಯ ಘಮ ಹತ್ತುತ್ತದೆ. ಬಿಸಿ ಹೋಳಿಗೆಯ ಕೆಳಗೆ ಅಂಗೈಯಗಲ ಬಾಳೆಎಲೆ ಇಟ್ಟರೆ ರುಚಿಯೂ ಒಂದು ತೂಕ ಹೆಚ್ಚು. ಅದಕ್ಕಾಗಿ ಎರಡು ರೂಪಾಯಿ ಹೆಚ್ಚು ಕೇಳಿದರೂ ನಾವು ನಾಲ್ವರು ಕೊಡುತ್ತೇವೆ. ಅಲ್ಲಿಯವರೆಗೆ ಸ್ಟೀಲ್ ಡಬ್ಬಿ ಒಯ್ಯುವುದೆಂದು ತೀರ್ಮಾನಿಸಿದ್ದೇವೆ.

ನಿಮ್ಮಲ್ಲಿ ಒಂದೇ ಕೋರಿಕೆ. ಪ್ರತಿ ಪುಟದ ಅಡಿಯಲ್ಲಿ ‘ಈ ಹಾಳೆಯಲ್ಲಿ ತಿಂಡಿ ಕಟ್ಟಬೇಡಿ’ ಎಂಬ ಒಂದು ಸಾಲು ಅಚ್ಚು ಹಾಕಿಸಿ. ಕಾಫಿ ಧಾರಣೆಯ ಪುಟದಲ್ಲಿ ಸ್ವಲ್ಪ ದಪ್ಪಕ್ಷರದಲ್ಲೇ ಇರಲಿ.

– ನಿವೃತ್ತ ಶಿಕ್ಷಕಿ, ಚಿಕ್ಕಮಗಳೂರು