ಹಲಗೆಯ ತುದಿ ನೋಡು ತಂಗಿ

ಚಿ. ಮಗಳಿಗೆ,
ಅಪ್ಪನ ಆಶೀರ್ವಾದಗಳು.

ಊಟದ ಟೇಬಲ್ಲಿಗೆ ಓಕ್ ತಗೊಳ್ಳಲೋ ಸಾಗವಾನಿಯೋ ಎಂದು ಕೇಳಿದ್ದೀ. ಗದಗದ ನಿನ್ನ ಮನೆಗೆ ಸಾಗವಾನಿಯೇ ಸರಿ. ಓಕ್ ಕಟ್ಟಿಗೆಗೆ ಹೆಸರಿಡುವಂಥದ್ದೇನೂ ಇಲ್ಲ. ಅಮೆರಿಕ, ಯುರೋಪಿನಲ್ಲಿ ಅದರ ಪೀಠೋಪಕರಣಗಳು ತಲೆಮಾರುಗಟ್ಟಲೆ ಬಾಳುತ್ತವೆ. ಆದರೆ ಹವೆಯ ತೇವ ಏರಿಳಿದಂತೆ ಅದು ಸಾಗವಾನಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗಿ ಕುಗ್ಗುತ್ತದೆ. 3 ಅಡಿ ಅಗಲದ ಟೇಬಲ್ಲಿನಲ್ಲಿ ಕಟ್ಟಿಗೆಯ ತೇವ ಶೇ. 4ರಷ್ಟು ಬದಲಾಯಿತೆಂದುಕೋ. ಸಾಗವಾನಿ ಅಗಲದಲ್ಲಿ ಕಾಲು ಇಂಚು ಸರಿಯುತ್ತದೆ, ಬಿಳಿ ಓಕ್ ಅರ್ಧ ಇಂಚು. ಏಪ್ರಿಲ್‌ನ ಒಣ ಬಿಸಿಲು, ಶ್ರಾವಣದ ಜಿಟಿಜಿಟಿ ಮಳೆ ಎರಡನ್ನೂ ಕಾಣುವ ಮನೆಯಲ್ಲಿ ಆ ಕಾಲು ಇಂಚಿನ ಅಂತರ ದೊಡ್ಡದು. ಓಕ್‌ನಲ್ಲಿ ಟ್ಯಾನಿನ್ ಎಂಬ ಒಗರು ಅಂಶ ಬೇರೆ ಹೆಚ್ಚು. ಒದ್ದೆಯಾದಾಗ ಕಬ್ಬಿಣದ ಮೊಳೆ ತಾಗಿದ ಕಡೆ ಕಪ್ಪು ಕಲೆ ಹಿಡಿಯುತ್ತದೆ.

ಕಟ್ಟಿಗೆ ಅಡ್ಡೆಗೆ ಹೋದ ಕೂಡಲೇ ಮಾಲಿನ ಹೆಸರು ಹೇಳುತ್ತಾರೆ. ದಾಂಡೇಲಿ, ಬರ್ಮಾ, ಘಾನಾ, ಆಫ್ರಿಕನ್. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದಲೇ ಇಡೀ ದಿಮ್ಮಿಗಳ ರಫ್ತು ನಿಲ್ಲಿಸಿದೆ, ಹಾಗಾಗಿ ‘ಈಗಷ್ಟೇ ಬಂದ ಬರ್ಮಾ ದಿಮ್ಮಿ’ ಎಂದರೆ ಕಾಗದ ಕೇಳು. ‘ಆಫ್ರಿಕನ್ ಟೀಕ್’ ಎಂಬ ಹೆಸರಲ್ಲಿ ಸಾಗವಾನಿಯೇ ಅಲ್ಲದ ಬೇರೆ ಮರಗಳೂ ಮಾರಾಟವಾಗುತ್ತವೆ. ದಾಂಡೇಲಿ ಮಾಲು ನಿಜಕ್ಕೂ ಒಳ್ಳೆಯದು, ಆದರೆ ಅಲ್ಲಿಂದ ಬರುವ ಪ್ರತಿ ಹಲಗೆಯೂ ಒಂದೇ ಗುಣದ್ದಲ್ಲ. ಹೆಸರು ಕೇಳಿಸಿಕೋ, ಆಮೇಲೆ ಹಲಗೆಯ ತುದಿ ನೋಡು. ಮೈಗೆ ಎಣ್ಣೆ ಸವರಿ ಬಣ್ಣ ಏರಿಸಬಹುದು; ತುದಿಯಲ್ಲಿ ಮರದ ಜಾತಕವೇ ಇರುತ್ತದೆ.

ತುದಿಗೆ ಬಣ್ಣ ಅಥವಾ ಮೇಣ ಬಳಿದಿದ್ದರೆ ಅದು ಮೋಸವಲ್ಲ, ತುದಿ ಬೇಗ ಒಣಗಿ ಸೀಳದಿರಲೆಂದು ಬಳಿಯುತ್ತಾರೆ. ಒಂದು ಇಂಚು ಕೊಯ್ಸಿ ಹೊಸ ಮುಖ ನೋಡು. ಮೊದಲು ಕಾಣಬೇಕಾದದ್ದು ಬಿಳಿ. ತೊಗಟೆಯ ಪಕ್ಕದ ಈ ತಿಳಿ ಪಟ್ಟೆಯಲ್ಲಿ ಪಿಷ್ಟ ಇರುವುದರಿಂದ ಕುಟ್ಟೆ ಹುಳು ಬೀಳುತ್ತದೆ, ಗೆದ್ದಲೂ ಬಿಡುವುದಿಲ್ಲ. ಸಾಗವಾನಿಗೆ ಗೆದ್ದಲು ಹತ್ತುವುದಿಲ್ಲ ಎಂಬ ಮಾತು ಚೇಗಿಗೆ, ಅಂದರೆ ಒಳಗಿನ ಗಾಢ ಬಣ್ಣದ ಭಾಗಕ್ಕೆ, ಮಾತ್ರ ಸಲ್ಲುತ್ತದೆ. ಹೊಲದ ಬದುವಿನಲ್ಲಿ ನೀರುಂಡು ಬೆಳೆದು 15–20 ವರ್ಷಕ್ಕೇ ಕಡಿದ ಮರದಲ್ಲಿ ಬಿಳಿಯ ಪಾಲು ಹೆಚ್ಚು, ಗಂಟೂ ಹೆಚ್ಚು. ಟೇಬಲ್ಲಿನ ಮೈಗೆ, ಕಾಲಿಗೆ ಬಿಳಿ ಬೇಡವೇ ಬೇಡ.

ಆಮೇಲೆ ನಡುಬೆಂಡು. ದಿಮ್ಮಿಯ ನಟ್ಟನಡುವಿನ ಆ ಮೆತ್ತನೆಯ ಚುಕ್ಕೆ ಹಲಗೆಯೊಳಗೆ ಬಂದಿದ್ದರೆ ಇಂದಲ್ಲ ನಾಳೆ ಅಲ್ಲಿಂದಲೇ ಸೀಳುತ್ತದೆ. ಅಂಥದ್ದನ್ನು ಪಕ್ಕಕ್ಕಿಡು.

ಇನ್ನು ಉಂಗುರದ ಗೆರೆಗಳು. ತುದಿಯಲ್ಲಿ ಗೆರೆಗಳು ನೆಟ್ಟಗೆ ನಿಂತಂತಿದ್ದರೆ, ಅಂದರೆ ಹಲಗೆಯ ಮೇಲ್ಮೈಗೆ ಲಂಬವಾಗಿದ್ದರೆ, ಅದು ಕಡಿಮೆ ಸರಿದಾಡುವ ಹಲಗೆ. ಕಮಾನಿನಂತಿದ್ದರೆ ಒಣಗುವಾಗ ಆ ಕಮಾನು ನೆಟ್ಟಗಾಗಲು ಎಳೆಯುತ್ತದೆ, ಹಲಗೆ ಬೋಗುಣಿಯಾಗುತ್ತದೆ. ಕಮಾನಿನ ಹಲಗೆಯಲ್ಲೇ ಹೂವಿನಂಥ ಚೆಂದದ ಎಳೆ ಕಾಣುವುದು, ಅದೂ ನಿಜ. ಬೇಕಾದರೆ ತಗೋ, ಆದರೆ 4–5 ಇಂಚಿಗಿಂತ ಅಗಲ ಬೇಡ. ಗೆರೆ ದಟ್ಟವಾದಷ್ಟೂ ಗಟ್ಟಿ ಎಂದು ಎಲ್ಲರೂ ಹೇಳುತ್ತಾರೆ. ಸಾಗವಾನಿಯಲ್ಲಿ ಹಾಗಿಲ್ಲ. ಪ್ರತಿ ಉಂಗುರದ ಆರಂಭದಲ್ಲಿ ದೊಡ್ಡ ರಂಧ್ರಗಳ ಸಾಲೊಂದು ಇರುತ್ತದೆ. ಉಂಗುರ ತೀರ ಸಣ್ಣದಾದರೆ ಆ ರಂಧ್ರಗಳೇ ಒತ್ತೊತ್ತಾಗಿ ಕಟ್ಟಿಗೆಯ ಬಲ ಕುಗ್ಗುತ್ತದೆ. ಓಕ್‌ಗೂ ಇದೇ ಮಾತು.

ಹೊಸದಾಗಿ ಕೊಯ್ದ ಮೈ ಹಸಿರುಹಳದಿಯಾಗಿ, ಅಲ್ಲಲ್ಲಿ ಮಚ್ಚೆಯಾಗಿ ಕಂಡರೆ ಗಾಬರಿಯಾಗಬೇಡ. ಕೆಲವು ದಿನ ಬೆಳಕು ತಾಗಿದರೆ ಹೊನ್ನಿನ ಕಂದು ಬಣ್ಣಕ್ಕೆ ತಿರುಗುತ್ತದೆ. ಕೈಗೆ ಜಿಡ್ಡು, ಮೂಗಿಗೆ ಚರ್ಮದಂಥ ವಾಸನೆ ಸಿಗಬೇಕು.

ಹಲಗೆ ಎಷ್ಟೇ ಚೆಂದವಿದ್ದರೂ ಹಸಿಯಾಗಿದ್ದರೆ ಎಲ್ಲ ವ್ಯರ್ಥ. ಶೇ. 10ರಿಂದ 12 ತೇವ ಸಾಕು. ತೇವ ಅಳೆಯುವ ಮೀಟರನ್ನು ತುದಿಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ, ತುದಿ ಮೊದಲು ಒಣಗಿರುತ್ತದೆ. ತುದಿಯಿಂದ ಒಂದು ಅಡಿ ಬಿಟ್ಟು ಚುಚ್ಚಬೇಕು. ಮೀಟರು ಇಲ್ಲದಿದ್ದರೆ ಹಲಗೆಯ ಒಳಗಿನಿಂದ ಒಂದು ತುಂಡು ಕೊಯ್ಸಿ ತೂಗು. 103 ಡಿಗ್ರಿ ಓವನ್‌ನಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗು. 560 ಗ್ರಾಂ ಇದ್ದದ್ದು 500ಕ್ಕೆ ನಿಂತರೆ, ಹೋದ 60 ಗ್ರಾಂ ಒಣ ತೂಕದ ಶೇ. 12. ಮಳೆಗಾಲದಲ್ಲಿ ಹುಬ್ಬಳ್ಳಿಯಲ್ಲಿ ಕೊಂಡ ಮಾಲನ್ನು ಗದಗಕ್ಕೆ ಒಯ್ದ ಮರುದಿನವೇ ಬಡಿಗನ ಕೈಗೆ ಕೊಡಬೇಡ. ಮನೆಯೊಳಗೆ ನೆಲದಿಂದ ಎತ್ತರಿಸಿ, ಹಲಗೆಗಳ ನಡುವೆ ಮುಕ್ಕಾಲು ಇಂಚಿನ ರೀಪು (ಕಟ್ಟಿಗೆಯ ಸಣ್ಣ ಪಟ್ಟಿ) ಒಂದರ ಮೇಲೊಂದು ನೇರ ಬರುವಂತೆ ಇಟ್ಟು ಮೂರು-ನಾಲ್ಕು ವಾರ ಬಿಡು. ರೀಪು ಓರೆಯಾದರೆ ಹಲಗೆಯೂ ಓರೆಯಾಗುತ್ತದೆ.

ಲೆಕ್ಕ ನೀನೇ ಹಾಕು: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ. 5 × 3 ಅಡಿಯ ಟೇಬಲ್ಲಿನ ಮೈಗೆ ಒಂದೂವರೆ ಇಂಚಿನ, ರಂದಾ ಹೊಡೆಯದ ಹಲಗೆ ಸುಮಾರು 1.9 ಘನ ಅಡಿ ಬೇಕು. ಮೂರಿಂಚಿನ ನಾಲ್ಕು ಕಾಲು, ಅವನ್ನು ಮೈಯ ಕೆಳಗೆ ಜೋಡಿಸುವ ಸುತ್ತಿನ ಪಟ್ಟಿ ಸೇರಿ 1.1. ರಂದಾ ಹೊಡೆದು, ತುದಿ ಕತ್ತರಿಸಿ ಹೋಗುವುದನ್ನು ಸೇರಿಸಿದರೆ 4 ಘನ ಅಡಿ ತಗೋ. ರಂದಾ ಹೊಡೆದ ಮೇಲಿನ ಅಳತೆಗೋ ಮೊದಲಿನದಕ್ಕೋ ದರ ಎಂದು ಮೊದಲೇ ಕೇಳು. ಪಕ್ಕಾ ಬಿಲ್ಲು ಇಲ್ಲದ ಸಾಗವಾನಿ ಎಷ್ಟೇ ಅಗ್ಗವಾದರೂ ಮುಟ್ಟಬೇಡ.

ಹಳೇ ವಾಡೆ ಕೆಡವಿದಾಗ ಬರುವ ತೊಲೆ ಸಿಕ್ಕರೆ ಬಿಡಬೇಡ. ಹತ್ತಾರು ವರ್ಷ ಒಣಗಿದ ಚೇಗು ಅದು. ಮಿಲ್ಲಿಗೆ ಹಾಕುವ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಕೀಳಿಸು, ಗೋಡೆಯೊಳಗಿದ್ದ ತುದಿಯಲ್ಲಿ ಗೆದ್ದಲು ತಿಂದಿದೆಯೇ ಎಂದು ಉಳಿಯಿಂದ ಕುಟ್ಟಿ ನೋಡು.

ಬಡಿಗನಿಗೆ ಎರಡು ಮಾತು ಹೇಳು. ಸಾಗವಾನಿಯ ಜಿಡ್ಡಿಗೆ ಅಂಟು ಹಿಡಿಯುವುದಿಲ್ಲ, ಆದ್ದರಿಂದ ಅಂಟಿಸುವ ತುಸು ಮುಂಚೆ ಆ ಅಂಚನ್ನು ಥಿನ್ನರಿನಿಂದ ಒರೆಸಬೇಕು. ಟೇಬಲ್ಲಿನ ಮೈಯನ್ನು ಸುತ್ತಿನ ಪಟ್ಟಿಗೆ ಬಿಗಿಯಾಗಿ ಸ್ಕ್ರೂ ಹೊಡೆಯಬಾರದು, ಸ್ಕ್ರೂ ಕೂರುವ ತೂತು ಅಗಲದ ದಿಕ್ಕಿಗೆ ಉದ್ದವಾಗಿರಲಿ. ಆ ಕಾಲು ಇಂಚು ಸರಿಯಲು ಜಾಗ ಬೇಕಲ್ಲ. ಪಾಲಿಶ್ ಅಡಿಮೈಗೂ ಆಗಲಿ. ಒಂದೇ ಮೈ ಮುಚ್ಚಿದರೆ ಇನ್ನೊಂದು ತೇವ ಕುಡಿದು ಹಲಗೆ ಬಾಗುತ್ತದೆ.

ಮುಂದಿನ ವಾರ ಅಡ್ಡೆಗೆ ಹೋದಾಗ ಮುಂಗಡ ಕೊಡುವ ಮೊದಲು ನನಗೆ ಫೋಟೋ ಕಳಿಸು. ಹಲಗೆಯ ಮೈಯದಲ್ಲ, ಎರಡೂ ತುದಿಯದು.

ನಿನ್ನ ಅಪ್ಪ
ಹುಬ್ಬಳ್ಳಿ