ರೆಕಾರ್ಡ್ ಪುಸ್ತಕದ ಎಲೆ ಚಿತ್ರಗಳನ್ನು ತಿದ್ದಿಸಬೇಡಿ: 9 ಮತ್ತು 10ನೇ ತರಗತಿಯ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ.

ಈ ತಿಂಗಳು ನಮ್ಮ 9 ಮತ್ತು 10ನೇ ತರಗತಿಯ ಮಕ್ಕಳು ಎಲೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಿದ್ದಾರೆ. ರೆಕಾರ್ಡ್ ಪುಸ್ತಕ ಮನೆಗೆ ಬಂದಾಗ ನಿಮ್ಮಲ್ಲಿ ಕೆಲವರಿಗೆ ಬೇಸರವಾಗಿದೆ. ಗೆರೆ ಸೊಟ್ಟ ಇದೆ, ಒಂದು ಕೋಶದ ಹಾಗೆ ಇನ್ನೊಂದಿಲ್ಲ, ಪಠ್ಯಪುಸ್ತಕದ ಚಿತ್ರಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅಂತ ಫೋನ್ ಮಾಡಿದ್ದೀರಿ. ಇನ್ನು ಕೆಲವರು ಮಗುವನ್ನು ಕೂರಿಸಿಕೊಂಡು, ಪುಸ್ತಕ ನೋಡಿ ಅಂದವಾಗಿ ಮತ್ತೆ ಬರೆಸಿ ಕಳಿಸಿದ್ದೀರಿ. ನಿಮ್ಮ ಕಾಳಜಿ ನನಗೆ ಗೊತ್ತಾಗುತ್ತದೆ. ಆದರೂ ನೇರವಾಗಿಯೇ ಕೇಳಿಕೊಳ್ಳುತ್ತೇನೆ, ದಯವಿಟ್ಟು ತಿದ್ದಿಸಬೇಡಿ. ಮಗು ಏನು ಕಂಡಿತೋ ಅದನ್ನೇ ಬರೆಯಲಿ.

ಪುಸ್ತಕದ ಚಿತ್ರ ತಪ್ಪು ಅಂತಲ್ಲ. ಅದು ಮಾವು, ದಾಸವಾಳದಂಥ ಅಗಲ ಎಲೆಯ ಗಿಡಗಳ ಮಾದರಿ ಚಿತ್ರ. ಅಂಥ ಎಲೆಯನ್ನು ಅಡ್ಡಕ್ಕೆ ತೆಳ್ಳಗೆ ಕತ್ತರಿಸಿದರೆ ಮೇಲೆ ಒಂದು ಹೊದಿಕೆ ಪದರ ಕಾಣುತ್ತದೆ. ಅದರ ಕೆಳಗೆ ಉದ್ದುದ್ದ ಕೋಶಗಳು ಒತ್ತೊತ್ತಾಗಿ ನೆಟ್ಟಗೆ ನಿಂತಿರುತ್ತವೆ. ಬಿಸಿಲು ಬೀಳುವ ಕಡೆ ಅದೇ ಅಲ್ವಾ, ಹಾಗಾಗಿ ಹಸಿರು ಅಲ್ಲೇ ಜಾಸ್ತಿ. ಇನ್ನೂ ಕೆಳಗೆ ಹೋದರೆ ಕೋಶಗಳು ಸಡಿಲವಾಗಿ, ನಡುವೆ ಗಾಳಿಗೆ ಜಾಗ ಬಿಟ್ಟುಕೊಂಡು ಇರುತ್ತವೆ. ನರಗಳ ಒಳಗೆ ನೀರು ತರುವ ಕ್ಸೈಲಂ, ಆಹಾರ ಸಾಗಿಸುವ ಫ್ಲೋಯಂ.

ಆದರೆ ರಾಗಿ ಎಲೆ ಹೀಗಿಲ್ಲ. ನಮ್ಮ ವಿಜ್ಞಾನ ಮೇಡಂ ಹೋದ ವಾರ ರಾಗಿ ಎಲೆಯನ್ನೂ ಭತ್ತದ ಎಲೆಯನ್ನೂ ಕತ್ತರಿಸಿ ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. ರಾಗಿ ಎಲೆಯಲ್ಲಿ ಮೇಲೊಂದು ಥರ, ಕೆಳಗೊಂದು ಥರ ಎಂಬ ಭಾಗವೇ ಇಲ್ಲ. ಪ್ರತಿಯೊಂದು ನರದ ಸುತ್ತ ದೊಡ್ಡ ದೊಡ್ಡ ಹಸಿರು ಕೋಶಗಳ ಒಂದು ಉಂಗುರ ಇರುತ್ತದೆ. ಭತ್ತದಲ್ಲೂ ನರದ ಸುತ್ತ ಕೋಶಗಳಿವೆ, ಆದರೆ ಅವುಗಳಲ್ಲಿ ಹಸಿರು ಬಹಳ ಕಡಿಮೆ. ಈ ಒಂದು ವ್ಯತ್ಯಾಸದ ಹಿಂದೆ ದೊಡ್ಡ ವಿಷಯ ಇದೆ. ರಾಗಿ ಗಾಳಿಯ ಕಾರ್ಬನ್ ಡೈಆಕ್ಸೈಡನ್ನು ಮೊದಲು ಹೊರಗಿನ ಕೋಶಗಳಲ್ಲಿ ಹಿಡಿದು, ಆಮೇಲೆ ಆ ಉಂಗುರದ ಕೋಶಗಳೊಳಗೆ ಒಟ್ಟುಮಾಡಿ ಸಕ್ಕರೆ ತಯಾರಿಸುತ್ತದೆ, ಹಾಗಾಗಿ ಬಿಸಿಲು ಜೋರಾಗಿದ್ದರೂ ಎಲೆಯ ರಂಧ್ರಗಳನ್ನು ತುಂಬಾ ತೆರೆದಿಟ್ಟುಕೊಳ್ಳದೆ, ಕಡಿಮೆ ನೀರಿನಲ್ಲೇ ಅದರ ಕೆಲಸ ನಡೆಯುತ್ತದೆ. ಜೋಳ, ಮೆಕ್ಕೆಜೋಳ, ಕಬ್ಬು ಕೂಡ ಇದೇ ಗುಂಪಿನವು. ಹೊಲದಲ್ಲಿ ದುಡಿಯುವವರಿಗೆ ಒಣಭೂಮಿಯಲ್ಲಿ ಯಾವ ಬೆಳೆ ತಡೆದುಕೊಳ್ಳುತ್ತದೆ ಅಂತ ಮೊದಲೇ ಗೊತ್ತು. ಅದರ ಒಂದು ಕಾರಣವನ್ನು ಮಕ್ಕಳು ಈಗ ಕಣ್ಣಾರೆ ನೋಡಿದ್ದಾರೆ. ಪುಸ್ತಕದ ಚಿತ್ರವನ್ನು ಇಳಿಸಿಕೊಂಡು ಕೆಳಗೆ 'ರಾಗಿ ಎಲೆ' ಅಂತ ಹೆಸರು ಬರೆದರೆ ಚಿತ್ರ ಚೆನ್ನಾಗಿರುತ್ತದೆ, ವಿಷಯ ತಪ್ಪಾಗುತ್ತದೆ. ನಾವು ಚಿಂತೆ ಮಾಡಬೇಕಾದ್ದು ಇದಕ್ಕೆ.

ಪತ್ರರಂಧ್ರಗಳ ಕಥೆಯೂ ಹೀಗೇ. ದಾಸವಾಳದ ಎಲೆಯ ಅಡಿಭಾಗದ ಸಿಪ್ಪೆಯಲ್ಲಿ ಎರಡೆರಡು ಕಾವಲು ಕೋಶಗಳು ಅವರೆಕಾಳಿನ ಹಾಗೆ ಎದುರುಬದುರು ಕೂತಿರುತ್ತವೆ. ನೀರು ತುಂಬಿಕೊಂಡರೆ ಉಬ್ಬಿ ನಡುವೆ ರಂಧ್ರ ತೆರೆಯುತ್ತದೆ, ನೀರು ಕಳೆದುಕೊಂಡರೆ ಮುಚ್ಚುತ್ತದೆ. ಹುಲ್ಲಿನ ಜಾತಿಯಲ್ಲಿ ಅವೇ ಕೋಶಗಳು ಡಂಬೆಲ್ ಆಕಾರದಲ್ಲಿ, ಸಾಲಾಗಿ ಇರುತ್ತವೆ. ನೀರಿನ ಮೇಲೆ ತೇಲುವ ನೈದಿಲೆ ಎಲೆಯಲ್ಲಿ ರಂಧ್ರಗಳಿರುವುದು ಮೇಲ್ಭಾಗದಲ್ಲಿ, ಅಡಿಭಾಗ ನೀರಿಗೆ ಅಂಟಿಕೊಂಡಿರುತ್ತದಲ್ಲ. ಕಣಗಿಲೆಯಲ್ಲಂತೂ ರಂಧ್ರಗಳು ಎಲೆಯ ಅಡಿಯ ಸಣ್ಣ ಗುಳಿಗಳೊಳಗೆ, ಕೂದಲುಗಳ ಮರೆಯಲ್ಲಿ ಅಡಗಿರುತ್ತವೆ. ಒಣ ಗಾಳಿಗೆ ನೀರು ಬೇಗ ಹೋಗದಿರಲಿ ಅಂತ ಈ ಏರ್ಪಾಡು. ಕೆರೆಯ ಹೈಡ್ರಿಲ್ಲಾ ಎಲೆ ಎರಡೇ ಕೋಶದಷ್ಟು ದಪ್ಪ, ಅದನ್ನು ಕತ್ತರಿಸುವುದೇ ಬೇಡ. ಸುಮ್ನೆ ಒಂದು ಹನಿ ನೀರಿನಲ್ಲಿಟ್ಟು 400 ಪಟ್ಟು ದೊಡ್ಡದು ಮಾಡಿ ನೋಡಿದರೆ ಹಸಿರು ಕಣಗಳು ಕೋಶದ ಒಳಗೆ ಸುತ್ತುವುದು ಕಾಣುತ್ತದೆ. ಅದನ್ನು ಕಂಡು ಮಕ್ಕಳು ಕೂಗಿದ ಸದ್ದು ನನ್ನ ಕೋಣೆಗೂ ಕೇಳಿಸಿತು, ನಾನೂ ಹೋಗಿ ನೋಡಿದೆ.

ಪರೀಕ್ಷೆಯ ಬಗ್ಗೆ ನಿಮ್ಮ ಆತಂಕ ಸರಿ. ಬೋರ್ಡ್ ಪರೀಕ್ಷೆಗೆ ಪುಸ್ತಕದ ಚಿತ್ರ ಬೇಕೇ ಬೇಕು, ಅದನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆಸಿ ಅಭ್ಯಾಸ ಮಾಡಿಸುತ್ತೇವೆ. ರೆಕಾರ್ಡಿನಲ್ಲಿ ಮಾತ್ರ ಮಗು ಆ ದಿನ ನೋಡಿದ್ದು ಇರಬೇಕು. ಗೆರೆ ಸೊಟ್ಟ ಇದ್ದರೆ ಅಂಕ ಕಳೆಯುವುದಿಲ್ಲ. ಗಾಳಿಗುಳ್ಳೆಯನ್ನು ಕೋಶ ಅಂತ ಬರೆದಿದ್ದರೂ ಪರವಾಗಿಲ್ಲ, ಮೇಡಂ ಅದನ್ನು ಮಗುವಿನ ಜೊತೆ ಕೂತು ಮತ್ತೆ ನೋಡಿಸುತ್ತಾರೆ.

ಮನೆಯಲ್ಲಿ ಮೈಕ್ರೋಸ್ಕೋಪ್ ಇಲ್ಲ ಅಂತ ಬೇಜಾರು ಬೇಡ. ಕರಿಬೇವಿನ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು, ಒಗ್ಗರಣೆಯಲ್ಲಿ ಬರುವ ಘಮ ಅಲ್ಲಿಂದಲೇ. ಕೆಸುವಿನ ಎಲೆ ನಾಲಿಗೆ ತುರಿಸುವುದು ಯಾಕೆ ಅಂತ ಮಕ್ಕಳನ್ನು ಕೇಳಿ. ಅದರ ಕೋಶಗಳಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ, ಅದನ್ನು ಅವರು ಈಗಾಗಲೇ ನೋಡಿದ್ದಾರೆ. ಪತ್ರೊಡೆ ಮಾಡುವ ಮನೆಯ ಅಜ್ಜಿಯರಿಗೆ ಈ ವಿಷಯ ಹೇಳಿ ಬಂದ ಮಕ್ಕಳೂ ಇದ್ದಾರೆ.

ಇನ್ನು ಕೆಲವು ವಿನಂತಿ. ಸೋಮವಾರ ಮಕ್ಕಳು ಮನೆಯ ಹತ್ತಿರ ಸಿಗುವ ಎರಡು ಮೂರು ಬಗೆಯ ಎಲೆ ತರಬೇಕು. ಬೆಳಿಗ್ಗೆಯೇ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕಳಿಸಿ. ಬಾಡಿದ ಎಲೆಯಲ್ಲಿ ರಂಧ್ರ ಮುಚ್ಚಿಕೊಂಡುಬಿಡುತ್ತದೆ. ಕಣಗಿಲೆ ಮಾತ್ರ ಕಳಿಸಬೇಡಿ, ಆ ಗಿಡದ ಎಲ್ಲ ಭಾಗವೂ ವಿಷ, ಬೇಕಾದಾಗ ಮೇಡಂ ಅವರೇ ತರುತ್ತಾರೆ. ಬ್ಲೇಡ್ ಕೂಡ ಮನೆಯಿಂದ ಬೇಡ, ಕತ್ತರಿಸುವ ಕೆಲಸ ಲ್ಯಾಬಿನಲ್ಲಿ ಶಿಕ್ಷಕರ ಎದುರೇ ನಡೆಯುತ್ತದೆ. ಬಳಸಿ ಉಳಿದ ಬಣ್ಣವಿಲ್ಲದ ನೇಲ್ ಪಾಲಿಷ್ ಇದ್ದರೆ ಕೊಟ್ಟುಕಳಿಸಿ. ಎಲೆಯ ಅಡಿಗೆ ಹಚ್ಚಿ, ಒಣಗಿದ ಮೇಲೆ ಸೆಲ್ಲೋಟೇಪಿನಿಂದ ಎಬ್ಬಿಸಿದರೆ ರಂಧ್ರಗಳ ಅಚ್ಚು ಸಿಗುತ್ತದೆ. ಇದಕ್ಕಾಗಿ ಹೊಸದನ್ನು ಕೊಳ್ಳಬೇಡಿ.

ಶನಿವಾರ ತರಗತಿ ಮುಗಿದ ಮೇಲೆ ಒಂದು ಗಂಟೆ ಲ್ಯಾಬ್ ನಿಮಗಾಗಿ ತೆರೆದಿರುತ್ತದೆ. ನಿಮ್ಮ ಹೊಲದ್ದೋ ಹಿತ್ತಲದ್ದೋ ಒಂದು ಎಲೆ ಹಿಡಿದು ಬನ್ನಿ, ಸ್ಲೈಡ್ ಮಾಡಿ ತೋರಿಸುವವರು ಮಕ್ಕಳೇ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕರು