ಪದವಿ ವಿದ್ಯಾರ್ಥಿಗಳ ಕೈಗೂ ಫ್ಲೋ ಸೈಟೋಮೀಟರ್ ಸಿಗಲಿ

ಸಂಪಾದಕರೇ,

ಜೀವವಿಜ್ಞಾನ ಓದುವ ಎಷ್ಟೋ ಪದವಿ ವಿದ್ಯಾರ್ಥಿಗಳು, ಜೀವಕೋಶಗಳನ್ನು ಲೇಸರ್ ಬೆಳಕಿನಲ್ಲಿ ಒಂದೊಂದಾಗಿ ಅಳೆಯುವ ಫ್ಲೋ ಸೈಟೋಮೀಟರ್‌ನ ಚಿತ್ರ ಬರೆದು, ಭಾಗ ಗುರುತಿಸಿ, ಅಂಕ ಪಡೆದು ಹೊರಬರುತ್ತಾರೆ. ಯಂತ್ರವನ್ನು ಮಾತ್ರ ಕಂಡಿರುವುದಿಲ್ಲ. ಪ್ರತಿ ಕಾಲೇಜೂ ಒಂದೊಂದು ಕೊಳ್ಳಲಿ ಅಂತ ನಾನು ಹೇಳುತ್ತಿಲ್ಲ, ಅದು ಆಗದ ಮಾತು. ಅಕ್ಕಪಕ್ಕದ ನಾಲ್ಕಾರು ಕಾಲೇಜುಗಳು ಸೇರಿ ಒಂದನ್ನು ತರಿಸಲಿ.

ಇದರಲ್ಲಿ ಜೀವಕೋಶಗಳು ಒಂದರ ಹಿಂದೊಂದು ಸಾಲಾಗಿ ಲೇಸರ್ ಮುಂದೆ ಹಾದುಹೋಗುತ್ತವೆ, ಸೆಕೆಂಡಿಗೆ ಸಾವಿರಾರು. ಸೂಕ್ಷ್ಮದರ್ಶಕದಲ್ಲಿ ಕೆಲವು ನೂರು ಕೋಶ ಎಣಿಸುವಷ್ಟರಲ್ಲೇ ತರಗತಿ ಮುಗಿದಿರುತ್ತದೆ ಅಲ್ವಾ? ಯೀಸ್ಟ್ ಕೋಶಗಳನ್ನು ಆಲ್ಕೋಹಾಲಿನಲ್ಲಿಟ್ಟು, ಆರ್‌ಎನ್‌ಎ ತೆಗೆದು, ಡಿಎನ್‌ಎಗೆ ಅಂಟಿ ಲೇಸರ್ ಬೆಳಕಿಗೆ ಹೊಳೆಯುವ ಪ್ರೊಪಿಡಿಯಂ ಅಯೊಡೈಡ್ ಬಣ್ಣ ಹಾಕಿ ಓಡಿಸಿದರೆ, ಆ ಹೊಳಪನ್ನು ಅಳೆದ ಗ್ರಾಫ್‌ನಲ್ಲಿ ಪರದೆಯ ಮೇಲೆ ಎರಡು ಗುಡ್ಡ ಏಳುತ್ತವೆ: ಮೊದಲನೆಯದು ಡಿಎನ್‌ಎ ಇನ್ನೂ ನಕಲಾಗದ ಕೋಶಗಳದ್ದು, ಎರಡನೆಯದು ನಕಲು ಮುಗಿದು ಡಿಎನ್‌ಎ ಎರಡರಷ್ಟಾದವುಗಳದ್ದು, ನಡುವಿನ ತಗ್ಗಿನಲ್ಲಿರುವವು ನಕಲು ಮಾಡುತ್ತಲೇ ಇರುವವು. ನೊಕೊಡಜೋಲ್ ಹಾಕಿ ವಿಭಜನೆ ತಡೆದ ಸ್ಯಾಂಪಲ್ ಓಡಿಸಿದರೆ ಮೊದಲ ಗುಡ್ಡ ಕುಸಿದು ಎರಡನೆಯದು ಏರುತ್ತದೆ. ಕೋಶಚಕ್ರ ಬಾಯಿಪಾಠ ಮಾಡಿದ ಹುಡುಗಿ ಅದನ್ನು ತನ್ನದೇ ಸ್ಯಾಂಪಲ್‌ನಲ್ಲಿ ನೋಡುವುದೇ ಬೇರೆ.

ಕೋಶ ಬೇರ್ಪಡಿಸುವ ಸಾರ್ಟರ್ ಬೇಡ. ಅದಕ್ಕೆ ದುಡ್ಡೂ ಜಾಸ್ತಿ, ಆರೈಕೆಯೂ ಜಾಸ್ತಿ. ಎರಡು ಲೇಸರ್‌ನ, ಮೇಜಿನ ಮೇಲೆ ಕೂರುವ ಅನಲೈಸರ್ ಪದವಿಗೆ ಧಾರಾಳ ಸಾಕು. ದತ್ತಾಂಶಕ್ಕೆ 1984ರಿಂದಲೂ ಎಫ್‌ಸಿಎಸ್ ಅನ್ನೋ ಸಮಾನ ಫೈಲ್ ಮಾದರಿ ಇದೆ. ಹಾಗಾಗಿ ಬೇರೆ ಕಾಲೇಜಿನಿಂದ ಬಂದವರು ಸ್ಯಾಂಪಲ್ ಓಡಿಸಿ, ಫೈಲ್ ಒಯ್ದು, ತಮ್ಮ ಲ್ಯಾಬಿನ ಕಂಪ್ಯೂಟರಿನಲ್ಲೇ ವಿಶ್ಲೇಷಣೆ ಮಾಡಬಹುದು. ಹಂಚಿಕೊಳ್ಳಲು ಇಷ್ಟು ಒಗ್ಗುವ ಯಂತ್ರ ಕಡಿಮೆ.

ನನ್ನ ನಿಜವಾದ ಆತಂಕ ಬೇರೆ. ಅನುದಾನ ಬರುತ್ತದೆ, ಯಂತ್ರ ಬರುತ್ತದೆ, ಆಮೇಲೆ ನೋಡಿಕೊಳ್ಳುವವರಿಲ್ಲದೆ ಮುಸುಕು ಹಾಕಿಕೊಂಡು ಸುಮ್ನೆ ಕೂರುತ್ತದೆ. ದಿನವೂ ಬೀಡ್ (ಹೊಳಪು ಮೊದಲೇ ಗೊತ್ತಿರುವ ಪುಟ್ಟ ಪ್ಲಾಸ್ಟಿಕ್ ಮಣಿ) ಓಡಿಸಿ ಲೇಸರ್ ಸರಿ ಇದೆಯಾ ನೋಡಬೇಕು, ಕೋಶಗಳು ಗಂಟುಗಟ್ಟಿ ಕೊಳವೆ ಕಟ್ಟಿಕೊಳ್ಳದಂತೆ ಸ್ಯಾಂಪಲ್ ಸೋಸಬೇಕು, ಸಂಜೆ ಕೊಳವೆ ತೊಳೆದೇ ಯಂತ್ರ ಆಫ್ ಮಾಡಬೇಕು. ಇದಕ್ಕೆ ಪೂರ್ಣಾವಧಿ ತಂತ್ರಜ್ಞರೊಬ್ಬರು ಬೇಕೇ ಬೇಕು. ಅವರ ಸಂಬಳ, ಬಣ್ಣ, ಆಂಟಿಬಾಡಿ, ವರ್ಷದ ಸರ್ವೀಸು, ಇಷ್ಟನ್ನೂ ಯಾವ ಕಾಲೇಜು ಎಷ್ಟು ಭರಿಸುತ್ತದೆ ಅಂತ ಆರ್ಡರ್ ಕೊಡುವ ಮೊದಲೇ ತೀರ್ಮಾನವಾಗಲಿ.

ಇನ್ನೊಂದು ಮಾತು. ಬುಕಿಂಗ್ ಎಲ್ಲರಿಗೂ ಮುಕ್ತ ಅಂತ ಬಿಟ್ಟರೆ ಪಿಎಚ್‌.ಡಿ. ಮಾಡುವವರೇ ತುಂಬಿಕೊಳ್ಳುತ್ತಾರೆ, ಅವರ ತುರ್ತು ಅವರಿಗೆ. ಅದಕ್ಕೇ ವಾರಕ್ಕೆ ಎರಡು ದಿನ ಪದವಿ ವಿದ್ಯಾರ್ಥಿಗಳಿಗೇ ಮೀಸಲು, ಸ್ಯಾಂಪಲ್ ಅವರೇ ಓಡಿಸಬೇಕು ಅಂತ ಕಾಲೇಜುಗಳ ಒಪ್ಪಂದದಲ್ಲೇ ಬರೆದಿಡಿ.

— ಒಬ್ಬ ಜೀವವಿಜ್ಞಾನ ಅಧ್ಯಾಪಕಿ